ಕೊನೆಯ ಆಳಿನ ಲೆಕ್ಕ

(ಕಾಲೇಜಿನ ವಾರ್ಷಿಕ ದತ್ತಿ ಉಪನ್ಯಾಸದ ಲಿಖಿತ ರೂಪ)



ಅರ್ಥಶಾಸ್ತ್ರದ ಉಪನ್ಯಾಸ ಅಂದರೆ ಬಜೆಟ್ಟು, ಜಿಡಿಪಿ, ರೂಪಾಯಿಯ ಏರಿಳಿತ ಎಂದುಕೊಂಡು ಬಂದವರಿಗೆ ಇವತ್ತು ನಿರಾಸೆಯಾಗಬಹುದು. ನಾನು ಎತ್ತಿಕೊಂಡಿರುವುದು ಚಿಕ್ಕ ಪ್ರಶ್ನೆ. ಒಬ್ಬ ಮಾಲೀಕ ಎಷ್ಟು ಜನರನ್ನು ಕೆಲಸಕ್ಕೆ ಕರೆಯುತ್ತಾನೆ? ಏಳು ಜನರನ್ನು ಕರೆದವನು ಎಂಟನೆಯವರನ್ನು ಏಕೆ ಬೇಡ ಅನ್ನುತ್ತಾನೆ? ಸರ್ಕಾರಗಳು ಉದ್ಯೋಗ ಸೃಷ್ಟಿಯ ಬಗ್ಗೆ ಮಾತಾಡುವಾಗ, ಮಾಲೀಕರು ಆಳು ಸಿಗುವುದಿಲ್ಲ ಎಂದು ಗೊಣಗುವಾಗ, ಕಾರ್ಮಿಕರು ಕೂಲಿ ಸಾಲದು ಎಂದು ಕೂಗುವಾಗ, ಮೂವರೂ ಸುತ್ತುವುದು ಈ ಒಂದು ಪ್ರಶ್ನೆಯ ಸುತ್ತಲೇ.

ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದು ಸಾಲಿನ ಉತ್ತರವಿದೆ. ಕೊನೆಯದಾಗಿ ಸೇರಿದ ಕೆಲಸಗಾರ ಹೆಚ್ಚಿಗೆ ತಂದುಕೊಡುವ ಆದಾಯ ಅವನ ಕೂಲಿಗೆ ಸಮವಾಗುವ ತನಕ ಸಂಸ್ಥೆ ಜನರನ್ನು ಸೇರಿಸಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದರೆ ಅಂಕ ಸಿಗುತ್ತದೆ. ಆದರೆ ಈ ಸಾಲು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಈ ನಿಯಮ ಎಷ್ಟು ಜನ ಎಂಬುದನ್ನು ತಿಳಿಸುತ್ತದೆ, ಆ ಜನರ ಯೋಗ್ಯತೆ ಎಷ್ಟು ಎಂಬುದನ್ನು ತಿಳಿಸುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದಿದ್ದರಿಂದ ಅರ್ಥಶಾಸ್ತ್ರದಲ್ಲೂ ರಾಜಕಾರಣದಲ್ಲೂ ಬಹಳ ಗೊಂದಲವಾಗಿದೆ.

1. ತೋಟದ ಒಂದು ದಿನ

ದೇಶದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆದದ್ದು. ಆದ್ದರಿಂದ ಉದಾಹರಣೆಗೆ ಬೇರೆಲ್ಲೋ ಹೋಗುವ ಅಗತ್ಯವಿಲ್ಲ. ರೊಬಸ್ಟಾ ಕೊಯ್ಲು ನಾಲ್ಕು ಹಂತದ್ದೆಂದು ತೋಟದವರಿಗೆಲ್ಲ ಗೊತ್ತು. ಅಲ್ಲಲ್ಲಿ ಹಣ್ಣಾದದ್ದನ್ನು ಆಯ್ದು ಕೀಳುವ ಫ್ಲೈ ಪಿಕಿಂಗ್, ಗಿಡ ತುಂಬ ಹಣ್ಣಾದಾಗ ಮುಖ್ಯ ಕೊಯ್ಲು, ಉಳಿದ ಕಾಯಿ ಹಣ್ಣನ್ನೆಲ್ಲ ಎಳೆದು ಗಿಡ ಬರಿದು ಮಾಡುವ ಸ್ಟ್ರಿಪ್ಪಿಂಗ್, ಕೊನೆಗೆ ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು. ಮುಖ್ಯ ಕೊಯ್ಲಿನಲ್ಲಿ ಸಾಮಾನ್ಯವಾಗಿ ಕೆಜಿ ಲೆಕ್ಕ. ಬೆಳಿಗ್ಗೆಯಿಂದ ಕೊಯ್ದದ್ದನ್ನು ಸಂಜೆ ಚೀಲದಲ್ಲಿ ಹೊತ್ತು ತಂದರೆ ರೈಟರು ತೂಗಿ ಬರೆದುಕೊಳ್ಳುತ್ತಾರೆ. ಆದರೆ ಹಣ್ಣು ವಿರಳವಾಗಿರುವ ಕಡೆಗೆ ಕೆಜಿ ಲೆಕ್ಕದಲ್ಲಿ ಯಾರು ಬರುತ್ತಾರೆ? ಅಲ್ಲಿ ಹಾಜರಿ ಕೂಲಿಯೇ, ಅಂದರೆ ದಿನಗೂಲಿಯೇ, ಆಗಬೇಕು. ನಮ್ಮ ಪ್ರಶ್ನೆ ಬರುವುದೂ ಅಲ್ಲೇ.

ಲೆಕ್ಕಕ್ಕೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ಇವು ಯಾವ ತೋಟದ ಖಾತೆಯಿಂದಲೂ ತಂದವಲ್ಲ, ಕಪ್ಪುಹಲಗೆಯ ಅಂಕಿಗಳು. ಒಂದು ತಾಕಿನಲ್ಲಿ ಸ್ಟ್ರಿಪ್ಪಿಂಗ್ ಮತ್ತು ಹೆಕ್ಕುವ ಕೆಲಸ ಬಾಕಿ ಇದೆ. ನಾಲ್ಕು ಜನ ಹೋದರೆ ಸಂಜೆಗೆ 100 ಕೆಜಿ. ಐದನೆಯವರು ಸೇರಿದರೆ 22 ಕೆಜಿ ಹೆಚ್ಚು. ಆರನೆಯವರಿಂದ 17, ಏಳನೆಯವರಿಂದ 13, ಎಂಟನೆಯವರಿಂದ 9. ಎಂಟನೆಯವರು ಸೋಮಾರಿ ಎಂದು ಹೀಗಾಗುವುದಲ್ಲ. ಗಿಡಗಳು ಅಷ್ಟೇ, ಏಣಿಗಳು ಅಷ್ಟೇ. ಕೈಗೆಟಕುವುದನ್ನು ಮುಂದಿನವರು ಕಿತ್ತಾಗಿದೆ. ಉಳಿದದ್ದು ಎತ್ತರದ ರೆಂಬೆಯ ತುದಿಯಲ್ಲೋ ತರಗೆಲೆಯ ಅಡಿಯಲ್ಲೋ ಇದೆ. ಕಣದ ಖರ್ಚು ಕಳೆದು ಕೆಜಿ ಹಣ್ಣಿಗೆ 50 ರೂಪಾಯಿ ಉಳಿಯುತ್ತದೆ, ದಿನಗೂಲಿ 600 ರೂಪಾಯಿ ಎಂದಿರಲಿ.

ಆರನೆಯವರು ತರುವುದು 850 ರೂಪಾಯಿಯ ಹಣ್ಣು, ಏಳನೆಯವರು ತರುವುದು 650ರದ್ದು. ಕೊಡುವುದು 600, ಆದ್ದರಿಂದ ಇಬ್ಬರೂ ಬರಲಿ. ಎಂಟನೆಯವರು ತರುವುದು 450ರದ್ದು. ಬೇಡ. ಸಂಜೆಗೆ ಕಣಕ್ಕೆ ಬಂದ 152 ಕೆಜಿಯ ಬೆಲೆ 7,600 ರೂಪಾಯಿ, ಕೂಲಿ 4,200. ಉಳಿದ 3,400ರಲ್ಲಿ ಗೊಬ್ಬರ, ಬ್ಯಾಂಕಿನ ಬಡ್ಡಿ, ನೆರಳಿನ ಮರ ಸವರುವ ಮರಗಸಿ, ಮಾಲೀಕರ ಲಾಭ ಎಲ್ಲವೂ ಹೊರಡಬೇಕು. ಇಷ್ಟು ಮಿಕ್ಕಿದೆಯಲ್ಲ, ಇನ್ನೊಬ್ಬರನ್ನು ಕರೆಯಬಾರದೇ ಎಂದು ಕೇಳುವವರಿದ್ದಾರೆ. ಒಟ್ಟು ಎಷ್ಟು ಮಿಕ್ಕಿತು ಎಂಬುದು ಇಲ್ಲಿ ತೀರ್ಮಾನ ಮಾಡುವುದಿಲ್ಲ. ಇನ್ನೊಬ್ಬರು ಬಂದರೆ ಆ ಮಿಕ್ಕಿದ್ದು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂಬುದು ಮಾಡುತ್ತದೆ. ಎಂಟನೆಯವರಿಂದ ಅದು 150 ರೂಪಾಯಿ ಕಡಿಮೆಯಾಗುತ್ತದೆ.

ಇನ್ನೊಂದನ್ನು ಗಮನಿಸಿ. ಏಳೂ ಜನರಿಗೆ ಒಂದೇ ಕೂಲಿ. ಮೊದಲ ನಾಲ್ವರು ತಲಾ 25 ಕೆಜಿ ತಂದರು, ಏಳನೆಯವರಿಂದ ಹೆಚ್ಚಿದ್ದು 13 ಕೆಜಿ. ಹಾಗೆಂದು ಮೊದಲಿನವರು ಹೆಚ್ಚು ಕೇಳುವಂತಿಲ್ಲ, ಏಕೆಂದರೆ ಏಳನೆಯವರು ಎಂದು ಹೆಸರಿಟ್ಟುಕೊಂಡು ಯಾರೂ ಬಂದಿಲ್ಲ. ಯಾರು ಬಿಟ್ಟುಹೋದರೂ ತೋಟಕ್ಕೆ ಕಡಿಮೆಯಾಗುವುದು ಅದೇ 13 ಕೆಜಿ.

2. ಟೆಲ್ಲೋದ ಜಮೀನ್ದಾರ

ಈ ಲೆಕ್ಕವನ್ನು ಮೊದಲು ಸ್ಪಷ್ಟವಾಗಿ ಹಾಕಿದವರಲ್ಲಿ ಒಬ್ಬ ಪ್ರಾಧ್ಯಾಪಕನಲ್ಲ, ಸ್ವತಃ ಬೇಸಾಯಗಾರ. ಜರ್ಮನಿಯ ಮೆಕ್ಲೆನ್‌ಬರ್ಗ್ ಸೀಮೆಯ ಯೋಹಾನ್ ಹೈನ್‌ರಿಶ್ ಫಾನ್ ಥ್ಯೂನೆನ್. 1810ರಲ್ಲಿ ಟೆಲ್ಲೋ ಎಂಬ ಜಮೀನು ಕೊಂಡು, ವರ್ಷಗಟ್ಟಲೆ ಅದರ ಆಯವ್ಯಯವನ್ನು ಕಾಸು ಬಿಡದೆ ಬರೆದಿಟ್ಟ. ಆ ಖಾತೆಗಳ ಮೇಲೆ ನಿಂತದ್ದು 1826ರಲ್ಲಿ ಹೊರಬಂದ ‘ಏಕಾಂತ ರಾಜ್ಯ’ ಎಂಬ ಅವನ ಗ್ರಂಥ. ಕೂಲಿಯ ವಿಚಾರ ಬರುವುದು ಅವನು ತೀರಿಕೊಂಡ ವರ್ಷ, 1850ರಲ್ಲಿ ಪ್ರಕಟವಾದ ಎರಡನೆಯ ಭಾಗದಲ್ಲಿ.

ಅಲ್ಲಿ ಅವನು ಕೊಡುವ ಉದಾಹರಣೆ ಆಲೂಗೆಡ್ಡೆ ಕೀಳುವುದು. ಕೆಲವೇ ಜನರಾದರೆ ಮಣ್ಣಿನ ಮೇಲೆ ಕಂಡದ್ದನ್ನು ಬೇಗ ಬೇಗ ಎತ್ತಿಕೊಳ್ಳುತ್ತಾರೆ. ಜನ ಹೆಚ್ಚಿದಂತೆ ಮಣ್ಣು ಕೆದಕಿ ಅಡಗಿದ್ದನ್ನೂ ಹುಡುಕಬಹುದು, ಆದರೆ ಪ್ರತಿ ಹೆಚ್ಚುವರಿ ಆಳಿಗೆ ಸಿಗುವುದು ಕಡಿಮೆಯಾಗುತ್ತ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕು? ಕೊನೆಯವನು ಹೆಚ್ಚಿಗೆ ಕಿತ್ತ ಗೆಡ್ಡೆಯ ಬೆಲೆ ಅವನ ಕೂಲಿಗೆ ಸಮವಾದಲ್ಲಿ. ಮಣ್ಣಿನಲ್ಲಿ ಸ್ವಲ್ಪ ಗೆಡ್ಡೆ ಉಳಿಸಿ ಬರುವುದು ಅಜಾಗರೂಕತೆಯಲ್ಲ, ಲೆಕ್ಕಾಚಾರ.

ನಮ್ಮ ತೋಟಗಳಲ್ಲಿ ನೆಲದ ಮೇಲೆ ಉಳಿದ ಹಣ್ಣಿಗೆ ಇನ್ನೊಂದು ತಿರುವಿದೆ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ಹುಳ ಈಗ ನಮ್ಮ ಜಿಲ್ಲೆಗಳಲ್ಲೂ ಮನೆಮಾಡಿದೆ. ಕೊಯ್ಲು ಮುಗಿದ ಮೇಲೆ ಅದು ಬದುಕುವುದು ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಗಳೊಳಗೆ. ಹೆಕ್ಕದೆ ಬಿಟ್ಟರೆ ಮುಂದಿನ ಫಸಲಿಗೆ ಹುಳ ಸಿದ್ಧ. ಹಾಗಾದರೆ ಎಂಟನೆಯವರು ಹೆಕ್ಕಿದ 9 ಕೆಜಿಯ ಬೆಲೆ 450 ರೂಪಾಯಿ ಮಾತ್ರವಲ್ಲ. ಮುಂದಿನ ವರ್ಷ ಉಳಿದ ಫಸಲಿನ ಬೆಲೆಯೂ ಅದಕ್ಕೆ ಸೇರಬೇಕು. ಜಾಣ ಬೆಳೆಗಾರರು ಅದನ್ನು ಸೇರಿಸಿಯೇ ಲೆಕ್ಕ ಹಾಕಿ ಎಂಟನೆಯವರನ್ನೂ ಕರೆಯುತ್ತಾರೆ. ಆದರೆ ಪಕ್ಕದ ತೋಟಕ್ಕೆ ಹುಳ ಹಾರದೆ ಉಳಿದದ್ದರಿಂದ ಆದ ಲಾಭವನ್ನು ಯಾರೂ ಸೇರಿಸುವುದಿಲ್ಲ, ಆ ಲಾಭ ಇವರ ಕೈಗೆ ಬರುವುದಿಲ್ಲವಲ್ಲ. ಪ್ರತಿ ಮಾಲೀಕರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಲೆಕ್ಕ ಹಾಕಿದರೂ, ಊರಿಗೆ ಬೇಕಾದದ್ದಕ್ಕಿಂತ ಕಡಿಮೆ ಜನರಿಗೆ ಕೆಲಸ ಸಿಗುವುದು ಹೀಗೆ.

3. ಹಳ್ಳಿಯ ಹಾಜರಿ, ಲಂಡನ್ನಿನ ಬೆಲೆ

ಈಗ ಕಪ್ಪುಹಲಗೆಯ ಅಂಕಿಗಳಲ್ಲಿ ಒಂದನ್ನು ಮಾತ್ರ ಬದಲಿಸಿ. ಹಣ್ಣಿನ ಬೆಲೆ 50ರಿಂದ 30ಕ್ಕೆ ಇಳಿಯಿತು. ಐದನೆಯವರ 22 ಕೆಜಿಗೆ 660 ರೂಪಾಯಿ, ಪರವಾಗಿಲ್ಲ. ಆರನೆಯವರ 17 ಕೆಜಿಗೆ 510, ಗಿಟ್ಟುವುದಿಲ್ಲ. ಏಳು ಜನರ ಕೆಲಸ ಐದಕ್ಕೆ ಇಳಿಯಿತು. ಬೆಲೆ 80ಕ್ಕೆ ಏರಿದರೆ ಎಂಟನೆಯವರೂ 720 ರೂಪಾಯಿ ತರುತ್ತಾರೆ, ಅವರೂ ಬರಲಿ. ಕೆಲಸಗಾರರ ಕೈಚಳಕದಲ್ಲಿ ಏನೂ ವ್ಯತ್ಯಾಸವಾಗಿಲ್ಲ. ಬದಲಾದದ್ದು ಬೆಲೆ.

ಆ ಬೆಲೆ ಯಾರ ಕೈಯಲ್ಲಿದೆ? ರೊಬಸ್ಟಾದ ಬೆಲೆಗೆ ದಿಕ್ಕು ತೋರಿಸುವುದು ಲಂಡನ್ನಿನ ವಾಯಿದೆ ಮಾರುಕಟ್ಟೆ, ಅರೇಬಿಕಾದ್ದಕ್ಕೆ ನ್ಯೂಯಾರ್ಕಿನದು. ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟರೆ, ಬ್ರೆಜಿಲ್ಲಿನಲ್ಲಿ ಹಿಮ ಬಿದ್ದರೆ ಸೋಮವಾರಪೇಟೆಯ ವ್ಯಾಪಾರಿ ಹೇಳುವ ದರ ಬದಲಾಗುತ್ತದೆ. ಸಕಲೇಶಪುರದ ಬೆಳೆಗಾರ ತನ್ನ ಚೆರ್ರಿಯನ್ನೆಲ್ಲ, ಅಂದರೆ ಒಣಗಿಸಿದ ಹಣ್ಣನ್ನೆಲ್ಲ, ಗೋದಾಮಿನಲ್ಲಿ ಇಟ್ಟುಕೊಂಡು ಕೂತರೂ ಲಂಡನ್ನಿನ ದರ ಕದಲುವುದಿಲ್ಲ. ಅರ್ಥಶಾಸ್ತ್ರದಲ್ಲಿ ಪರಿಪೂರ್ಣ ಪೈಪೋಟಿ ಎನ್ನುವುದು ಇದಕ್ಕೇ: ಮಾರುವವನು ಬೆಲೆಯನ್ನು ಒಪ್ಪಿಕೊಳ್ಳುತ್ತಾನೆ, ನಿಗದಿ ಮಾಡುವುದಿಲ್ಲ.

ಹಿಂದೆ ನಮ್ಮಲ್ಲಿ ಹೀಗಿರಲಿಲ್ಲ. ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಇದ್ದ ಕಾಲದಲ್ಲಿ ಬೆಳೆದದ್ದನ್ನೆಲ್ಲ ಪೂಲ್‌ಗೆ ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ಕೊಯ್ಲಿನ ದಿನ ಆ ಹಣ್ಣಿಗೆ ಕೊನೆಗೆ ಎಷ್ಟು ಸಿಗುತ್ತದೆ ಎಂಬುದು ಬೆಳೆಗಾರನಿಗೆ ಗೊತ್ತಿರುತ್ತಿರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಈ ವ್ಯವಸ್ಥೆ 1996ರಲ್ಲಿ ಪೂರ್ತಿ ತೆರೆದುಕೊಂಡಿತು. ಆಮೇಲೆ ಬೆಲೆಯ ಏರಿಕೆಯೂ ಇಳಿಕೆಯೂ ನೇರ ತೋಟಕ್ಕೇ ಬಂದವು. 2000ದ ಆಚೀಚೆ ಜಾಗತಿಕ ಬೆಲೆ ಕುಸಿದಾಗ ಎಷ್ಟೋ ತೋಟಗಳಲ್ಲಿ ಗೊಬ್ಬರ, ಗಿಡ ಸವರುವುದು, ಹೆಕ್ಕುವುದು ಎಲ್ಲಕ್ಕೂ ಕತ್ತರಿ ಬಿತ್ತು.

ಕಾರ್ಮಿಕರಿಗೆ ಬೇಡಿಕೆ ತಾನಾಗಿ ಹುಟ್ಟುವುದಲ್ಲ, ಅವರು ತಯಾರಿಸುವ ವಸ್ತುವಿನ ಬೇಡಿಕೆಯಿಂದ ಹುಟ್ಟುವುದು ಎಂದು ಆಲ್‌ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಕೊಡಗಿನ ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಹೆಂಗಸಿಗೆ ಇವತ್ತು ಹಾಜರಿ ಉಂಟೋ ಇಲ್ಲವೋ ಎಂಬುದಕ್ಕೆ ಯುರೋಪಿನ ಕಾಫಿ ಕುಡಿಯುವವರೂ ಕಾರಣ. ಮಾಲೀಕರ ಮುಖ ನೋಡಿ ಮಾತ್ರ ಇದನ್ನು ಅರ್ಥ ಮಾಡಿಕೊಳ್ಳಲಾಗದು.

4. ನಿಜವಾಗಿ ಯಾರಾದರೂ ಹೀಗೆ ಲೆಕ್ಕ ಹಾಕುತ್ತಾರೆಯೇ?

ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಇದು. ಯಾವ ಮೇಸ್ತ್ರಿಯೂ ಕೊನೆಯ ಆಳು ಹೆಚ್ಚಿಗೆ ತರುವುದರ, ಅಂದರೆ ಸೀಮಾಂತ ಉತ್ಪನ್ನದ, ಪಟ್ಟಿ ಹಿಡಿದು ಓಡಾಡುವುದಿಲ್ಲ. 1946ರಲ್ಲಿ ಅಮೆರಿಕದ ರಿಚರ್ಡ್ ಲೆಸ್ಟರ್ ಇದನ್ನೇ ವಾದವಾಗಿ ಮಂಡಿಸಿದ. ಉದ್ಯಮಿಗಳನ್ನೇ ಕೇಳಿ ನೋಡಿದರೆ, ಎಷ್ಟು ಜನ ಬೇಕು ಎಂಬುದನ್ನು ತಾವು ಕೂಲಿ ದರಕ್ಕಿಂತ ಸರಕಿನ ಬೇಡಿಕೆ ನೋಡಿ ತೀರ್ಮಾನಿಸುವುದಾಗಿ ಹೇಳುತ್ತಾರೆ. ಹಾಗಾದರೆ ನಿಮ್ಮ ಸಿದ್ಧಾಂತ ಎಲ್ಲಿ ಉಳಿಯಿತು ಎಂದ. ಅದೇ ವರ್ಷ ಫ್ರಿಟ್ಜ್ ಮ್ಯಾಕ್ಲಪ್ ಉತ್ತರ ಕೊಟ್ಟ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವ ಚಾಲಕ ಎದುರಿನ ವಾಹನದ ವೇಗ, ದೂರ, ತನ್ನ ಎಂಜಿನ್ನಿನ ಶಕ್ತಿ ಯಾವುದನ್ನೂ ಅಂಕಿಯಲ್ಲಿ ಅಳೆಯುವುದಿಲ್ಲ. ಆದರೂ ಅವೆಲ್ಲವನ್ನೂ ಗಣನೆಗೆ ತೆಗೆದುಕೊಂಡೇ ಹಿಂದಿಕ್ಕುತ್ತಾನೆ.

ಮ್ಯಾಕ್ಲಪ್‌ನ ಮಾತಿನಲ್ಲಿ ಹುರುಳಿದೆ. “ಆ ತಾಕಿಗೆ ಏಳು ಜನ ಸಾಕು ಸಾರ್, ಹೆಚ್ಚು ಬಿಟ್ಟರೆ ಕೂಲಿ ಗಿಟ್ಟಲ್ಲ” ಎನ್ನುವ ಮೇಸ್ತ್ರಿ ಈ ನಿಯಮವನ್ನೇ ಹೇಳುತ್ತಿದ್ದಾನೆ. ತಪ್ಪು ಲೆಕ್ಕ ಹಾಕುವ ತೋಟ ಪೈಪೋಟಿಯಲ್ಲಿ ಬಹಳ ವರ್ಷ ಉಳಿಯುವುದೂ ಇಲ್ಲ. ಆದರೆ ಲೆಸ್ಟರ್‌ನ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಕೆಲಸಗಾರರನ್ನು ನಲ್ಲಿಯಂತೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಲಾಗುವುದಿಲ್ಲ. ಮರ ಹತ್ತಿ ನೆರಳು ಹದ ಮಾಡುವ ಮರಗಸಿಯವರನ್ನೇ ನೋಡಿ. ಮಳೆಗಾಲದಲ್ಲಿ ಅವರಿಗೆ ಕೊಡುವ ಸಂಬಳದಷ್ಟು ಕೆಲಸ ಇಲ್ಲದಿದ್ದರೂ ತೋಟ ಅವರನ್ನು ಬಿಡುವುದಿಲ್ಲ. ಹೋದರೆ ಮತ್ತೆ ಸಿಗುವುದಿಲ್ಲ, ಹೊಸಬರು ಕಲಿಯಲು ವರ್ಷಗಳು ಬೇಕು. ವಾಲ್ಟರ್ ಓಯಿ 1962ರಲ್ಲಿ ತೋರಿಸಿದ್ದು ಇದನ್ನೇ: ಹುಡುಕುವ, ಕಲಿಸುವ ವೆಚ್ಚ ಇರುವುದರಿಂದ ನುರಿತ ಕೆಲಸಗಾರರು ಸಂಸ್ಥೆಗೆ ಅರ್ಧ ಯಂತ್ರೋಪಕರಣದಂತೆ, ಅರೆಸ್ಥಿರ ಹೂಡಿಕೆ. ಬೇಡಿಕೆ ಕುಸಿದಾಗ ಮೊದಲು ಮನೆಗೆ ಹೋಗುವವರು ಅವರಲ್ಲ, ಹಾಜರಿಯವರು.

ಕೂಲಿಯೆಂದರೆ ಕೈಗೆ ಸಿಗುವ ನಗದು ಮಾತ್ರವಲ್ಲ ಎಂಬುದೂ ಈ ಲೆಕ್ಕಕ್ಕೆ ಸೇರಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ವೈದ್ಯಕೀಯ ಸೌಲಭ್ಯ, ಮಕ್ಕಳ ಪಾಲನೆಯ ವ್ಯವಸ್ಥೆಗಳನ್ನು ಮಾಲೀಕರ ಹೊಣೆಯಾಗಿ ಮಾಡಿತು. ಅವು ಬೇಕಾದವೇ. ಆದರೆ ಕಾಯಂ ಆಳಿನ ಒಟ್ಟು ವೆಚ್ಚ ಹೆಚ್ಚಿದಂತೆ ಅದೇ ಕೆಲಸಕ್ಕೆ ಗುತ್ತಿಗೆಯವರನ್ನು, ಕೊಯ್ಲಿನ ಕಾಲಕ್ಕೆ ಮಾತ್ರ ಅಸ್ಸಾಮಿನಂಥ ಕಡೆಯಿಂದ ಬರುವವರನ್ನು ಕರೆಸಿಕೊಳ್ಳುವ ಒಲವೂ ಹೆಚ್ಚುತ್ತದೆ. ಕೂಲಿ ಏರಿದಷ್ಟೂ ಕಳೆ ಕೊಚ್ಚುವ ಯಂತ್ರ ಅಗ್ಗವಾಗಿ ಕಾಣುತ್ತದೆ. ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮನೆಯಂಗಳಕ್ಕೆ ಬಂದದ್ದೂ ಹೀಗೆಯೇ.

5. ಕೊಳ್ಳುವವನು ಒಬ್ಬನೇ ಆದರೆ

ಇಲ್ಲಿಯ ತನಕ ಒಂದು ಷರತ್ತನ್ನು ಸುಮ್ಮನೆ ಒಪ್ಪಿಕೊಂಡು ಬಂದೆವು. 600 ರೂಪಾಯಿ ಕೂಲಿ ಊರಿನ ದರ, ಮಾಲೀಕರು ಅದನ್ನು ಬದಲಿಸಲಾರರು ಎಂದು. ಆಸುಪಾಸಿನಲ್ಲಿ ಹತ್ತಾರು ತೋಟಗಳಿದ್ದು, ಕೆಲಸಗಾರರು ಬೆಳಿಗ್ಗೆ ಬೇಕಾದ ಜೀಪು ಹತ್ತಬಹುದಾದಾಗ ಇದು ನಿಜ. ಕಣಿವೆಯಲ್ಲಿ ಒಂದೇ ದೊಡ್ಡ ತೋಟವಿದ್ದರೆ?

ಕೇಂಬ್ರಿಜ್‌ನ ಜೋನ್ ರಾಬಿನ್‌ಸನ್ 1933ರಲ್ಲಿ ಈ ಸ್ಥಿತಿಯನ್ನು ಬಿಡಿಸಿ ತೋರಿಸಿದಳು. ನಮ್ಮ ಅಂಕಿಗಳಿಗೇ ಹೊಂದಿಸೋಣ. ಆ ತೋಟಕ್ಕೆ 500 ರೂಪಾಯಿಗೆ ಐದು ಜನ ಬರುತ್ತಾರೆ. ಆರನೆಯವರು ಬರಬೇಕಾದರೆ 550, ಏಳನೆಯವರು ಬರಬೇಕಾದರೆ 600 ಕೊಡಬೇಕು. ಒಬ್ಬರಿಗೆ ಹೆಚ್ಚು ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ. ಆರನೆಯವರ ನಿಜವಾದ ವೆಚ್ಚ ಅವರ 550, ಜೊತೆಗೆ ಹಿಂದಿನ ಐವರಿಗೆ ತಲಾ 50, ಒಟ್ಟು 800. ಅವರು ತರುವುದು 850, ಬರಲಿ. ಏಳನೆಯವರ ವೆಚ್ಚ 600 ಮತ್ತು ಆರು ಜನರಿಗೆ ತಲಾ 50, ಒಟ್ಟು 900. ಅವರು ತರುವುದು 650 ಮಾತ್ರ. ಆದ್ದರಿಂದ ಈ ತೋಟ ಆರೇ ಜನರನ್ನು, 550 ರೂಪಾಯಿಗೆ ಇಟ್ಟುಕೊಳ್ಳುತ್ತದೆ. ಪೈಪೋಟಿ ಇದ್ದಲ್ಲಿ ಏಳು ಜನ, 600 ರೂಪಾಯಿ. ಇಲ್ಲದಲ್ಲಿ ಕೆಲಸವೂ ಕಡಿಮೆ, ಕೂಲಿಯೂ ಕಡಿಮೆ.

ಈಗ ಸರ್ಕಾರ 600 ರೂಪಾಯಿ ಕನಿಷ್ಠ ಕೂಲಿ ಎಂದು ನಿಗದಿ ಮಾಡಿತು ಅನ್ನಿ. ಏಳನೆಯವರ ವೆಚ್ಚ ಈಗ 600 ಅಷ್ಟೇ, ಉಳಿದವರಿಗೆ ಹೇಗೂ ಅಷ್ಟು ಕೊಡಲೇಬೇಕು. ತೋಟ ಏಳು ಜನರನ್ನು ಕರೆಯುತ್ತದೆ. ಕೂಲಿ ಏರಿತು, ಕೆಲಸವೂ ಹೆಚ್ಚಿತು. ಪೈಪೋಟಿ ಇರುವ ಊರಿನಲ್ಲಿ ಅದೇ ಸರ್ಕಾರ 700 ಎಂದರೆ 650 ತರುವ ಏಳನೆಯವರು ಕೆಲಸ ಕಳೆದುಕೊಳ್ಳುತ್ತಾರೆ. ಕನಿಷ್ಠ ಕೂಲಿ ಒಳ್ಳೆಯದೋ ಕೆಟ್ಟದೋ ಎಂದು ಬರಿದೇ ಕೇಳುವುದರಲ್ಲಿ ಅರ್ಥವಿಲ್ಲ. ಯಾವ ಮಾರುಕಟ್ಟೆಯಲ್ಲಿ, ಎಷ್ಟು ಎಂದು ಕೇಳಬೇಕು.

ಇದು ಹಲಗೆಯ ಮೇಲಿನ ಮಾತಷ್ಟೇ ಅಲ್ಲ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು; ಪಕ್ಕದ ಪೆನ್ಸಿಲ್ವೇನಿಯ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಹೋಲಿಸಿ, ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಗುರುತು ಇಲ್ಲ ಎಂದು 1994ರಲ್ಲಿ ಪ್ರಕಟಿಸಿದರು. ಅದರ ಮೇಲೆ ದೊಡ್ಡ ಜಗಳವೇ ನಡೆಯಿತು, ಇನ್ನೂ ಪೂರ್ತಿ ಮುಗಿದಿಲ್ಲ. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ನಮ್ಮ ಹತ್ತಿರದ ಉದಾಹರಣೆ ಅವಿಭಜಿತ ಆಂಧ್ರಪ್ರದೇಶದ್ದು. ಉದ್ಯೋಗ ಖಾತರಿ ಯೋಜನೆಯ ಹಣ ಸೋರದೆ ಕೈಸೇರಲು ಸ್ಮಾರ್ಟ್‌ಕಾರ್ಡ್ ತಂದಾಗ, ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅದರ ಪರಿಣಾಮ ಅಳೆದರು. ಖಾಸಗಿ ಕೂಲಿ ಏರಿತ್ತು, ಆದರೆ ಖಾಸಗಿ ಕೆಲಸ ಇಳಿಯಲಿಲ್ಲ, ಹೆಚ್ಚಿತ್ತು. ಕೂಲಿಯವರಿಗೆ ಇನ್ನೊಂದು ದಾರಿ ಇದ್ದರೆ ಮಾಲೀಕರ ಲೆಕ್ಕವೂ ಬದಲಾಗುತ್ತದೆ.

ದಾರಿ ಮುಚ್ಚುವುದು ಹೇಗೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ಬ್ರಿಟಿಷ್ ಭಾರತದ 1859ರ ಕರಾರು ಉಲ್ಲಂಘನೆ ಕಾನೂನಿನಡಿ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯವರನ್ನು ಮಾಲೀಕರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ದಕ್ಷಿಣದ ತೋಟಗಳೂ ಇದನ್ನು ಬಳಸಿಕೊಂಡವು. 1925ರಲ್ಲಿ ಅದನ್ನು ರದ್ದುಮಾಡುವ ಕಾಯ್ದೆ ಬಂತು. ಕಾನೂನು ಹೋದರೂ ಮುಂಗಡದ ಸಾಲ ಉಳಿದ ಕಡೆ, ಪಕ್ಕದ ತೋಟದಲ್ಲಿ 50 ರೂಪಾಯಿ ಹೆಚ್ಚು ಸಿಕ್ಕರೂ ಹೋಗಲಾಗದವರಿಗೆ ಪೈಪೋಟಿ ಎಂಬುದು ಪುಸ್ತಕದ ಮಾತು.

6. ನ್ಯಾಯ ಎಲ್ಲಿ?

ಅಮೆರಿಕದ ಜಾನ್ ಬೇಟ್ಸ್ ಕ್ಲಾರ್ಕ್ 1899ರಲ್ಲಿ ಈ ನಿಯಮಕ್ಕೆ ಒಂದು ನೈತಿಕ ಮುದ್ರೆ ಒತ್ತಿದ. ಪೈಪೋಟಿಯಲ್ಲಿ ಪ್ರತಿಯೊಬ್ಬರಿಗೂ ಅವರು ಉತ್ಪಾದಿಸಿದ್ದೇ ಸಿಗುತ್ತದೆ, ಆದ್ದರಿಂದ ಯಾರೂ ಯಾರನ್ನೂ ಸುಲಿಯುತ್ತಿಲ್ಲ ಎಂಬುದು ಅವನ ವಾದ. ಇದನ್ನು ನಾನು ಒಪ್ಪುವುದಿಲ್ಲ, ಕಾರಣ ನಮ್ಮ ತಾಕಿನಲ್ಲೇ ಇದೆ. ಅದೇ ಕೈ, ಅದೇ ಚುರುಕು, ಅದೇ ಎಂಟು ಗಂಟೆಯ ದುಡಿಮೆ. ಆರು ಜನರಿದ್ದ ಕಡೆ ಸೇರಿದರೆ 650 ರೂಪಾಯಿಯ ಉತ್ಪನ್ನ, ಏಳು ಜನರಿದ್ದ ಕಡೆ ಸೇರಿದರೆ 450, ಲಂಡನ್ನಿನಲ್ಲಿ ದರ ಏರಿದರೆ 720. ಈ ಅಂಕಿ ಹೇಳುವುದು ಆ ಮನುಷ್ಯನ ಬಗ್ಗೆ ಅಲ್ಲ. ಎಷ್ಟು ಗಿಡ, ಎಷ್ಟು ಜನ, ಎಂಥ ಬೆಲೆ ಎಂಬುದರ ಬಗ್ಗೆ. ಸನ್ನಿವೇಶದ ಅಳತೆಯನ್ನು ವ್ಯಕ್ತಿಯ ಯೋಗ್ಯತೆ ಎಂದು ಓದುವುದು ತಪ್ಪು.

ಥ್ಯೂನೆನ್‌ಗೆ ಇದು ಕ್ಲಾರ್ಕ್‌ಗಿಂತ ಮೊದಲೇ ತಿಳಿದಿತ್ತು. ಕೊನೆಯ ಆಳಿನ ಲೆಕ್ಕವನ್ನು ಕಂಡುಕೊಂಡವನೇ ಅದರಿಂದ ತೃಪ್ತನಾಗಲಿಲ್ಲ. ಕೂಲಿ ನ್ಯಾಯವಾಗಿ ಎಷ್ಟಿರಬೇಕು ಎಂದು ಬೇರೆಯೇ ಸೂತ್ರ ಹುಡುಕಿದ: ಕೆಲಸಗಾರನ ಜೀವನಾವಶ್ಯಕತೆಯನ್ನು ಅವನ ಉತ್ಪನ್ನದಿಂದ ಗುಣಿಸಿ, ಅದರ ವರ್ಗಮೂಲ. ಈ ಸೂತ್ರ ಅರ್ಥಶಾಸ್ತ್ರದಲ್ಲಿ ನಿಲ್ಲಲಿಲ್ಲ, ಅವನ ಗೋರಿಕಲ್ಲಿನ ಮೇಲೆ ಮಾತ್ರ ಕೆತ್ತಲ್ಪಟ್ಟು ಉಳಿಯಿತು. ಆದರೆ ಸೂತ್ರಕ್ಕಿಂತ ಅವನ ನಡೆ ದೊಡ್ಡದು. ಯುರೋಪಿನಲ್ಲಿ ದಂಗೆಗಳೆದ್ದ 1848ರಲ್ಲಿ ಟೆಲ್ಲೋದ ಕೆಲಸಗಾರರಿಗೆ ಜಮೀನಿನ ಲಾಭದಲ್ಲಿ ಪಾಲು ಕೊಡುವ ಏರ್ಪಾಡು ಮಾಡಿದ. ಎಷ್ಟು ಜನರನ್ನು ಕರೆಯಬೇಕು ಎಂಬುದಕ್ಕೆ ಒಂದು ಲೆಕ್ಕ, ಬಂದವರಿಗೆ ಏನು ಸಲ್ಲಬೇಕು ಎಂಬುದಕ್ಕೆ ಇನ್ನೊಂದು. ಅವನು ಎರಡನ್ನೂ ಬೇರೆಬೇರೆಯಾಗಿ ಇಟ್ಟ.

ನಾವೂ ಹಾಗೆ ಮಾಡಬೇಕೆಂಬುದು ನನ್ನ ಮನವಿ. ಹೆಚ್ಚು ಜನರಿಗೆ ಕೆಲಸ ಸಿಗಬೇಕೆಂದರೆ ಮಾಲೀಕರ ದಯೆಯನ್ನು ಕೇಳಿ ಫಲವಿಲ್ಲ. ಕೊನೆಯ ಆಳು ತರುವುದು ಹೆಚ್ಚಬೇಕು: ಒಳ್ಳೆಯ ತಳಿ, ಸರಿಯಾದ ಏಣಿ, ಕಾಫಿಯನ್ನು ಬರೀ ಚೆರ್ರಿಯಾಗಿ ಮಾರದೆ ಹದಗೊಳಿಸಿ ಮಾರುವ ದಾರಿ. ಕಾಯಿಕೊರಕದಂಥ ಪಿಡುಗಿನಲ್ಲಿ ಲಾಭ ನೆರೆಯವರಿಗೂ ಹೋಗುವುದರಿಂದ, ಹೆಕ್ಕುವ ಕೂಲಿಯ ಒಂದು ಭಾಗವನ್ನು ಸಾರ್ವಜನಿಕ ಹಣದಿಂದ ಭರಿಸುವುದು ದಾನವಲ್ಲ, ಸರಿಯಾದ ಲೆಕ್ಕ. ಕೂಲಿ ಏರಬೇಕೆಂದರೆ ಕೆಲಸಗಾರರಿಗೆ ಇನ್ನೊಂದು ಬಾಗಿಲು ತೆರೆದಿರಬೇಕು: ಬೆಳಿಗ್ಗೆ ಒಂದು ಬಸ್ಸು, ಮುಂಗಡದ ಹಂಗಿಲ್ಲದ ಸಾಲ, ಹೊರರಾಜ್ಯದಿಂದ ಬಂದವರಿಗೂ ಸಿಗುವ ಪಡಿತರ. ಇಷ್ಟೆಲ್ಲ ಆದ ಮೇಲೂ ಕೊನೆಯ ಆಳಿನ ಲೆಕ್ಕಕ್ಕೆ ಬಂದ ಕೂಲಿಯಿಂದ ಒಂದು ಸಂಸಾರ ನಡೆಯದಿದ್ದರೆ, ಆ ಕೊರತೆಯನ್ನು ತುಂಬುವ ಹೊಣೆ ಸಮಾಜದ್ದು. ಶಾಲೆ, ಆಸ್ಪತ್ರೆ, ಪಿಂಚಣಿಗಳ ಮೂಲಕ, ತೆರಿಗೆಯ ಹಣದಲ್ಲಿ, ಶಾಸನಸಭೆಯಲ್ಲಿ ಚರ್ಚಿಸಿ ಅದನ್ನು ತೀರ್ಮಾನಿಸಬೇಕು. ಹಾಜರಿ ಪುಸ್ತಕದಲ್ಲಿ ಆ ಪ್ರಶ್ನೆಗೆ ಕಾಲಂ ಇಲ್ಲ.